ಡಿಸ್ಕು ಎಲ್ಲಿಯದು, ಡಿಸ್ಕು ಯಾವುದು: ನೆಟ್‌ವರ್ಕ್ ಸಂಗ್ರಹದಲ್ಲಿ ಗುರುತು ತಪ್ಪುವ ಚರಿತ್ರೆ ಮತ್ತು ಗಡಿನಾಡಿನ ಒಂದು ಧ್ವನಿಕೋಶ

ಈ ಗೋಷ್ಠಿಯಲ್ಲಿ ನನಗಿಂತ ಮೊದಲು ಮಾತಾಡಿದವರು ಗಡಿನಾಡಿನ ಶಾಲೆ, ಪತ್ರಿಕೆ, ಯಕ್ಷಗಾನ, ಭಾಷಾ ಅಲ್ಪಸಂಖ್ಯಾತರ ಹಕ್ಕು ಇವುಗಳ ಬಗ್ಗೆ ವಿವರವಾಗಿ ಹೇಳಿದ್ದಾರೆ. ನಾನು ಹೇಳಲಿಕ್ಕೆ ಹೊರಟದ್ದು ಹಾರ್ಡ್‌ಡಿಸ್ಕಿನ ಬಗ್ಗೆ. ಈ ವಿಷಯ ಕೊಟ್ಟಾಗ ನನ್ನ ಮಾರ್ಗದರ್ಶಕರು, “ನೀನು ಕನ್ನಡ ಎಂ.ಎ. ಅಲ್ವಾ ಮಾರಾಯ್ತಿ, ಇದೆಂತ ಹೊಸತು?” ಎಂದು ಕೇಳಿದರು. ನಡೆದದ್ದನ್ನು ಪೂರ್ತಿ ಹೇಳಿದ ಮೇಲೆ ಅವರೇ, “ಇದನ್ನೇ ಓದು” ಅಂದರು. ಹಾಗಾಗಿ ನಡೆದದ್ದನ್ನೇ ಮೊದಲು ಹೇಳುತ್ತೇನೆ.

ನಾವು ಆರು ಜನ ವಿದ್ಯಾರ್ಥಿಗಳು ಎರಡು ವರ್ಷದಿಂದ ಕಾಸರಗೋಡಿನ ಒಳಊರುಗಳಲ್ಲಿ ಶೋಭಾನೆ ಹಾಡು, ತಾಳಮದ್ದಳೆ, ಹಿರಿಯರ ಮಾತು ಇವುಗಳನ್ನು ರೆಕಾರ್ಡ್ ಮಾಡುತ್ತಿದ್ದೇವೆ. ಮನೆಗಳ ಅಟ್ಟದಲ್ಲಿ ಸಿಕ್ಕಿದ ಪ್ರಸಂಗದ ಕೈಬರಹದ ಪುಸ್ತಕಗಳ ಫೋಟೋ ಕೂಡ ತೆಗೆದಿದ್ದೇವೆ. ಇದೆಲ್ಲ ಇರುವುದು ವಿಭಾಗದ ಮೂಲೆಯ ಒಂದು ಹಳೆ ಕಂಪ್ಯೂಟರಿನಲ್ಲಿ. ಅದಕ್ಕೆ ಲಿನಕ್ಸ್ ಹಾಕಿ, ಎರಡು ಡಿಸ್ಕ್ ಜೋಡಿಸಿ, ಒಂದನ್ನು ‘ಮೂಲ’, ಇನ್ನೊಂದನ್ನು ‘ಪ್ರತಿ’ ಎಂದು ಕರೆದೆವು. ಮೇಲಿನ ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಎನ್‌ಎಫ್‌ಎಸ್ ಮೂಲಕ ‘ಧ್ವನಿಕೋಶ’ ಎಂಬ ಫೋಲ್ಡರ್ ಕಾಣುತ್ತಿತ್ತು. ಪ್ರತಿ ಭಾನುವಾರ ರಾತ್ರಿ ಒಂದು ಸ್ಕ್ರಿಪ್ಟ್ ಓಡಿ, ಮೂಲದಲ್ಲಿ ಇದ್ದದ್ದನ್ನು ಪ್ರತಿಗೆ ಕಾಪಿ ಮಾಡಿ, ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಿಂದ ಅಳಿಸುತ್ತಿತ್ತು. ಎರಡೂ ಒಂದೇ ತರ ಇರಲಿ ಎಂಬುದು ನಮ್ಮ ಉದ್ದೇಶ. ಆ ಕಂಪ್ಯೂಟರಿಗೆ ನಾವು ಬರೆದುಕೊಟ್ಟ ಪಟ್ಟಿಯಲ್ಲಿ ಎಸ್‌ಡಿಬಿ ಅಂದರೆ ಮೂಲ, ಎಸ್‌ಡಿಸಿ ಅಂದರೆ ಪ್ರತಿ.

ಆಟಿ ತಿಂಗಳ ಒಂದು ಶನಿವಾರ, ಜೋರು ಮಳೆ, ಕರೆಂಟ್ ಹೋಯಿತು. ಯುಪಿಎಸ್ ಸತ್ತು ಎಷ್ಟೋ ಕಾಲ ಆಗಿತ್ತು. ಕರೆಂಟ್ ಬಂದು ಕಂಪ್ಯೂಟರು ತಾನಾಗಿ ಎದ್ದಾಗ ಮೂಲದ ಡಿಸ್ಕ್ ತಿರುಗಿ ವೇಗ ಹಿಡಿಯುವುದು ಸ್ವಲ್ಪ ತಡವಾಯಿತು. ಪ್ರತಿಯ ಡಿಸ್ಕ್ ಮೊದಲು ಸಿಕ್ಕಿತು, ಅದಕ್ಕೆ ಎಸ್‌ಡಿಬಿ ಎಂಬ ಹೆಸರು ಹೋಯಿತು. ತಡವಾಗಿ ಬಂದ ಮೂಲ ಎಸ್‌ಡಿಸಿ ಆಯಿತು. ಅಷ್ಟೇ. ಯಾವ ಡಿಸ್ಕೂ ಹಾಳಾಗಲಿಲ್ಲ, ಒಂದು ವಯರೂ ಕದಲಲಿಲ್ಲ. ಭಾನುವಾರ ರಾತ್ರಿ ಸ್ಕ್ರಿಪ್ಟ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು: ಹಳೆಯ ಪ್ರತಿಯನ್ನು ‘ಮೂಲ’ ಎಂದು ತಿಳಿದು, ನಿಜವಾದ ಮೂಲದಲ್ಲಿ ಹೆಚ್ಚಿಗೆ ಕಂಡದ್ದನ್ನೆಲ್ಲ ಅಳಿಸಿತು. ಹೆಚ್ಚಿಗೆ ಇದ್ದದ್ದು ಆ ವಾರ ನಾವು ತಂದ 11 ಫೈಲುಗಳು. ಲಾಗ್ ತೆರೆದು ನೋಡಿದರೆ ಎರರ್ ಎಂಬ ಒಂದು ಶಬ್ದ ಕೂಡ ಇಲ್ಲ. ಕೆಲಸ ಮುಗಿದಿದೆ ಎಂದು ಉಂಟು.

ರೆಕಾರ್ಡರಿನ ಕಾರ್ಡನ್ನು ಶುಕ್ರವಾರವೇ ಖಾಲಿ ಮಾಡಿದ್ದೆವು, ಸರ್ವರಿನಲ್ಲಿ ಉಂಟಲ್ಲ ಎಂಬ ಧೈರ್ಯ. ಆ 11ರಲ್ಲಿ 9 ಒಬ್ಬರೇ ಅಜ್ಜಿಯ ಹಾಡು. ನಾಚಿಕೆ ಬಿಟ್ಟು ಪುನಃ ಅವರ ಮನೆಗೆ ಹೋದೆ. “ಅದಕ್ಕೆಂತ ಮಗಾ, ಇನ್ನೊಮ್ಮೆ ಹೇಳಿದರಾಯ್ತು” ಅಂದರು. ಹೇಳಿದರು ಕೂಡ. ಆದರೆ ಏಳೇ ಹಾಡು ಬಂತು. ಒಂದರಲ್ಲಿ ನುಡಿಗಳ ಕ್ರಮ ಬೇರೆ, ನಡುವಿನ ಎರಡು ನುಡಿ ಇಲ್ಲ. ಉಳಿದ ಎರಡು ಹಾಡು ಎಷ್ಟು ನೆನಪು ಮಾಡಿದರೂ ಬರಲಿಲ್ಲ. ಮೌಖಿಕ ಸಾಹಿತ್ಯದಲ್ಲಿ ಪ್ರತಿ ಹಾಡಿಕೆಯೂ ಬೇರೆಯೇ ಪಾಠ ಎಂದು ನಾವು ತರಗತಿಯಲ್ಲಿ ಕಲಿಯುತ್ತೇವೆ. ಅದರ ಅರ್ಥ ನನಗೆ ಆ ಜಗಲಿಯಲ್ಲಿ ಕೂತಾಗ ಆಯಿತು.

ಎಂತಕ್ಕೆ ಹೀಗಾಯಿತು ಎಂದು ಹುಡುಕಲು ಹೊರಟವಳಿಗೆ ಇದಕ್ಕೆ ಒಂದು ದೊಡ್ಡ ಚರಿತ್ರೆಯೇ ಇದೆ ಎಂದು ಗೊತ್ತಾಯಿತು. ಅದು ನಮ್ಮ ಗ್ರಂಥಸಂಪಾದನೆಯ ಪಾಠಕ್ಕೆ ಬಹಳ ಹತ್ತಿರದ ಚರಿತ್ರೆ. ಹಸ್ತಪ್ರತಿ ಭಂಡಾರದಲ್ಲಿ ಒಂದು ಓಲೆಗರಿ ಕಟ್ಟಿಗೆ ಎರಡು ಬಗೆಯ ಗುರುತು ಇರುತ್ತದೆ. ಒಂದು ಕಪಾಟಿನ ಸಂಖ್ಯೆ. ಅದು ಕಟ್ಟು ಎಲ್ಲಿದೆ ಎಂದು ಹೇಳುತ್ತದೆ. ಇನ್ನೊಂದು ಕಟ್ಟಿನ ಒಳಗೇ ಇರುವುದು: ಅಂಕಿತ, ಕೊನೆಯಲ್ಲಿ ಲಿಪಿಕಾರ ಬರೆದ ಪುಷ್ಪಿಕೆ. ಅದು ಕಟ್ಟು ಯಾವುದು ಎಂದು ಹೇಳುತ್ತದೆ. ಕಪಾಟು ಬದಲಾದರೆ ಮೊದಲಿನದ್ದು ಸುಳ್ಳಾಗುತ್ತದೆ, ಎರಡನೆಯದ್ದು ಆಗುವುದಿಲ್ಲ. ಕಂಪ್ಯೂಟರಿನವರು ಬಹಳ ಕಾಲ ಕಪಾಟಿನ ಸಂಖ್ಯೆಯನ್ನೇ ಕಟ್ಟಿನ ಹೆಸರು ಎಂದು ನಂಬಿಕೊಂಡು ನಡೆದರು.

ಯುನಿಕ್ಸಿನಲ್ಲಿ ಪ್ರತಿ ಸಾಧನಕ್ಕೂ ಎರಡು ಸಂಖ್ಯೆ, ಮೇಜರ್ ಮತ್ತು ಮೈನರ್. ಮೇಜರ್ ಯಾವ ಬಗೆಯ ಸಾಧನ ಎಂದು ಹೇಳಿದರೆ ಮೈನರ್ ಆ ಬಗೆಯಲ್ಲಿ ಎಷ್ಟನೆಯದು ಎಂದು ಹೇಳುತ್ತದೆ. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಅವರ ಕಾಲದ ಯಂತ್ರಗಳಲ್ಲಿ ಡಿಸ್ಕ್ ಅಂದರೆ ಬೀರುವಿನ ಗಾತ್ರದ ವಸ್ತು. ರಾತ್ರೋರಾತ್ರಿ ಜಾಗ ಬದಲಿಸುವಂಥದ್ದಲ್ಲ. ಮೈಕ್ರೋಕಂಪ್ಯೂಟರಿನ ಕಡೆ ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ವ್ಯವಸ್ಥೆ ಡ್ರೈವುಗಳಿಗೆ ಎ, ಬಿ ಎಂದು ಅಕ್ಷರ ಕೊಟ್ಟಿತು. ಅದನ್ನು 1981ರ ಎಂಎಸ್‌ಡಾಸ್ ತೆಗೆದುಕೊಂಡಿತು, ಅಲ್ಲಿಂದ ವಿಂಡೋಸಿಗೆ ಬಂತು. ಇವತ್ತಿಗೂ ಪೆನ್‌ಡ್ರೈವ್ ಒಂದು ದಿನ ಇ, ಇನ್ನೊಂದು ದಿನ ಎಫ್ ಆಗುವುದು ಆ ಆಸ್ತಿಯೇ. ಲಿನಕ್ಸಿನಲ್ಲಿ ಹಳೆಯ ಐಡಿಇ ಡಿಸ್ಕಿಗೆ ಒಂದು ಅನುಕೂಲ ಇತ್ತು: ಎರಡನೇ ಕೇಬಲಿನ ಮೊದಲ ಡಿಸ್ಕ್ ಯಾವಾಗಲೂ ಎಚ್‌ಡಿಸಿ, ಬೇರೆ ಯಾವುದೂ ಇಲ್ಲದಿದ್ದರೂ ಸರಿ. ಸ್ಕಸಿ ಡಿಸ್ಕಿನ ಕ್ರಮ ಹಾಗಲ್ಲ; ಮೊದಲು ಸಿಕ್ಕಿದ್ದು ಎಸ್‌ಡಿಎ, ಆಮೇಲಿನದು ಎಸ್‌ಡಿಬಿ. 2007ರ ಹೊತ್ತಿಗೆ ಹೊಸ ಡ್ರೈವರುಗಳು ಬಂದು ಐಡಿಇಯವೂ ಎಸ್‌ಡಿ ಸಾಲಿಗೇ ಸೇರಿದವು. ಅಂದರೆ ನಮ್ಮ ಎಸ್‌ಡಿಬಿ ಎನ್ನುವುದು ಹೆಸರೇ ಅಲ್ಲ, ಡಾಕ್ಟರ ಶಾಪಿನಲ್ಲಿ ಕೊಡುವ ನಂಬ್ರ. ನಾಳೆ ಹೋದರೆ ಅದೇ ನಂಬ್ರ ಇನ್ನೊಬ್ಬರಿಗೆ.

ಒಂದೇ ಕಂಪ್ಯೂಟರಿನೊಳಗೆ ಇದು ಇದ್ದಷ್ಟು ಕಾಲ ತಪ್ಪು ಮಾಡಿದವನಿಗೇ ತಪ್ಪು ಕಾಣುತ್ತಿತ್ತು. ನೆಟ್‌ವರ್ಕ್ ಬಂದ ಮೇಲೆ ಡಿಸ್ಕ್ ಒಂದು ಕಡೆ, ಅದನ್ನು ನಂಬಿದವರು ಇನ್ನೊಂದು ಕಡೆ. ಎನ್‌ಎಫ್‌ಎಸ್ ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್ ತಯಾರಾದದ್ದು ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯಲ್ಲಿ, 1984ರ ಹೊತ್ತಿಗೆ. ಅದರ ಎರಡನೇ ಆವೃತ್ತಿಯ ನಿಯಮಾವಳಿ 1989ರ ಮಾರ್ಚಿನಲ್ಲಿ ಆರ್‌ಎಫ್‌ಸಿ 1094 ಎಂದು ಪ್ರಕಟವಾಯಿತು. ಇದರ ಮುಖ್ಯ ಯೋಚನೆ ಏನೆಂದರೆ, ಯಾರು ಯಾವ ಫೈಲ್ ತೆರೆದಿದ್ದಾರೆ ಎಂಬ ನೆನಪನ್ನು ಸರ್ವರ್ ಇಟ್ಟುಕೊಳ್ಳುವುದಿಲ್ಲ. ಬದಲಿಗೆ ಫೈಲ್ ಕೇಳಿದವರ ಕೈಗೆ 32 ಬೈಟಿನ ಒಂದು ಚೀಟಿ ಕೊಡುತ್ತದೆ. ಅದಕ್ಕೆ ಫೈಲ್ ಹ್ಯಾಂಡಲ್ ಎಂದು ಹೆಸರು. ದೇವಸ್ಥಾನದ ಎದುರು ಚಪ್ಪಲಿ ಕೌಂಟರಿನ ಟೋಕನ್ ಇದ್ದ ಹಾಗೆ. ಟೋಕನಿನಲ್ಲಿ ಏನು ಬರೆದಿದೆ ಎಂದು ನಾವು ನೋಡಬೇಕಾಗಿಲ್ಲ, ವಾಪಸ್ ಕೊಟ್ಟರೆ ನಮ್ಮ ಚಪ್ಪಲಿ ಬರಬೇಕು. ಸರ್ವರ್ ಬಿದ್ದು ಎದ್ದರೂ ಟೋಕನ್ ನಡೆಯಬೇಕು. ಎನ್‌ಎಫ್‌ಎಸ್‌ನ ಚಂದ ಇರುವುದೇ ಅಲ್ಲಿ.

ಟೋಕನಿನ ಒಳಗೆ ಸಾಮಾನ್ಯವಾಗಿ ಮೂರು ಸಂಗತಿ ಬರೆದಿರುತ್ತಿತ್ತು. ಯಾವ ಫೈಲ್ ವ್ಯವಸ್ಥೆ, ಅದರಲ್ಲಿ ಎಷ್ಟನೇ ಐನೋಡ್, ಆ ಐನೋಡಿನ ಎಷ್ಟನೇ ತಲೆಮಾರು. ಈ ಮೂರನೆಯದ್ದು ನನಗೆ ಬಹಳ ಇಷ್ಟವಾದ ವಿವರ. ಒಂದು ಫೈಲನ್ನು ಅಳಿಸಿದರೆ ಅದರ ಐನೋಡ್ ಸಂಖ್ಯೆ ಖಾಲಿಯಾಗುತ್ತದೆ, ಬೇರೆ ಫೈಲ್ ಬಂದು ಕೂರುತ್ತದೆ. ಹಳೆ ಟೋಕನ್ ಹಿಡಿದು ಬಂದವನಿಗೆ ಹೊಸಬನ ಫೈಲ್ ಕೊಟ್ಟರೆ? ಅದಕ್ಕಾಗಿ ಪ್ರತಿ ಸಲವೂ ತಲೆಮಾರಿನ ಸಂಖ್ಯೆ ಬದಲಿಸುತ್ತಾರೆ. ಹೊಂದಿಕೆಯಾಗದಿದ್ದರೆ ಸರ್ವರ್ ‘ಹಳಸಿದ ಹ್ಯಾಂಡಲ್’ ಎಂದು ಹೇಳಿ ವಾಪಸ್ ಕಳಿಸುತ್ತದೆ. ಲ್ಯಾಬಿನಲ್ಲಿ ಈ ಸಂದೇಶ ಕಂಡರೆ ನಾವೆಲ್ಲ ಬೈಯುತ್ತಿದ್ದೆವು. ಅದು ನಮ್ಮನ್ನು ಕಾಯುತ್ತಿತ್ತು ಎಂದು ಈಗ ಅನಿಸುತ್ತದೆ.

ತೊಡಕು ಇದ್ದದ್ದು ಮೊದಲನೆಯದ್ದರಲ್ಲಿ. ಯಾವ ಫೈಲ್ ವ್ಯವಸ್ಥೆ ಎಂಬುದಕ್ಕೆ ಎಷ್ಟೋ ಸರ್ವರುಗಳು ಬರೆದುಕೊಳ್ಳುತ್ತಿದ್ದದ್ದು ಅದೇ ಮೇಜರ್, ಮೈನರ್ ಸಂಖ್ಯೆ. ಡಿಸ್ಕಿನ ಸರದಿ ಬದಲಾದರೆ ಊರಿಡೀ ಹಂಚಿದ ಟೋಕನುಗಳೆಲ್ಲ ಒಂದೇ ಕ್ಷಣಕ್ಕೆ ಬೇರೆ ಡಿಸ್ಕಿನತ್ತ ಬೆರಳು ತೋರಿಸುತ್ತವೆ. ಹೆಚ್ಚಿನ ಸಲ ತಲೆಮಾರಿನ ಸಂಖ್ಯೆ ತಡೆದು ಹಳಸಿದೆ ಎಂದು ಹೇಳುತ್ತದೆ. ಅಂದರೆ ಕೆಲಸ ನಿಲ್ಲುತ್ತದೆ, ದತ್ತಾಂಶ ಉಳಿಯುತ್ತದೆ. ಒಂದು ಸರ್ವರ್ ಬಿದ್ದರೆ ಇನ್ನೊಂದು ಅದರ ಜಾಗಕ್ಕೆ ನಿಲ್ಲುವ ಜೋಡಿ ಸರ್ವರುಗಳಲ್ಲಂತೂ ಎರಡೂ ಕಡೆ ಈ ಸಂಖ್ಯೆ ಒಂದೇ ಆಗಿರಲೇಬೇಕಿತ್ತು. ಆಮೇಲೆ ಲಿನಕ್ಸಿನ ರಫ್ತು ಪಟ್ಟಿಯಲ್ಲಿ ಎಫ್‌ಎಸ್‌ಐಡಿ ಎಂದು ನಾವೇ ಒಂದು ಸಂಖ್ಯೆ ಗೊತ್ತುಮಾಡಿ ಬರೆಯುವ ಅವಕಾಶ ಬಂತು, ಫೈಲ್ ವ್ಯವಸ್ಥೆಯ ಒಳಗಿನ ಗುರುತನ್ನೇ ಬಳಸುವ ಕ್ರಮವೂ ಬಂತು. ಹ್ಯಾಂಡಲಿನ ಗಾತ್ರ 1995ರ ಮೂರನೇ ಆವೃತ್ತಿಯಲ್ಲಿ 64 ಬೈಟ್‌ವರೆಗೆ, 2000ದ ನಾಲ್ಕನೆಯದರಲ್ಲಿ 128ರವರೆಗೆ ಬೆಳೆಯಿತು. ಗುರುತು ಹೇಳಲಿಕ್ಕೆ ಜಾಗ ಸಾಕಾಗುತ್ತಿರಲಿಲ್ಲ ಎಂದು ಇದರಿಂದಲೇ ತಿಳಿಯುತ್ತದೆ.

ಇಲ್ಲಿ ನಮ್ಮ ಊರಿನ ಮಾತು ಒಂದು ಹೇಳಬೇಕು, ವಿಷಯಾಂತರ ಅಲ್ಲ. ಕಾಸರಗೋಡು ತಾಲೂಕಿನ ಒಂದು ಹಳ್ಳಿಯನ್ನು ತೆಗೆದುಕೊಳ್ಳಿ. 1956ರ ನವೆಂಬರ್ 1ರ ಮೊದಲು ಅದರ ವಿಳಾಸ ಮದ್ರಾಸ್ ರಾಜ್ಯ, ದಕ್ಷಿಣ ಕನ್ನಡ ಜಿಲ್ಲೆ. ಆ ದಿನದಿಂದ ಕೇರಳದ ಮಲಬಾರ್ ಜಿಲ್ಲೆ. 1957ರಲ್ಲಿ ಮಲಬಾರ್ ಒಡೆದು ಕಣ್ಣೂರು ಜಿಲ್ಲೆ. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಮನೆ, ಬಾವಿ, ತೋಟ ಯಾವುದೂ ಕದಲಲಿಲ್ಲ. ಹಳೆಯ ಕ್ಯಾಟಲಾಗಿನಲ್ಲಿ ‘ದಕ್ಷಿಣ ಕನ್ನಡದಲ್ಲಿ ದೊರೆತ ಪ್ರತಿ’ ಎಂದಿದ್ದರೆ, ಇವತ್ತಿನ ದಕ್ಷಿಣ ಕನ್ನಡ ಜಿಲ್ಲೆ ಎಂದು ತಿಳಿದು ಮಂಗಳೂರಿನ ಬಸ್ಸು ಹತ್ತುವ ಸಂಶೋಧಕ ನಮ್ಮ ಸ್ಕ್ರಿಪ್ಟ್ ಮಾಡಿದ ತಪ್ಪನ್ನೇ ಮಾಡುತ್ತಾನೆ. ಹೆಸರು ಸರಿಯಾಗಿಯೇ ಉಂಟು. ಹೆಸರು ತೋರಿಸುವ ಜಾಗ ಈಗ ಬೇರೆ. ಸೋಲಾಪುರ, ಅಕ್ಕಲಕೋಟೆ, ಮಡಕಶಿರಾದ ಕಡೆಯಿಂದ ಬಂದ ಸ್ನೇಹಿತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಗಿನ ಗುರುತಿನ ಮಾತಿಗೆ ಬರುತ್ತೇನೆ. 1980ರ ದಶಕದಲ್ಲಿ ಅಪೊಲೊ ಕಂಪ್ಯೂಟರ್ ಎಂಬ ಕಂಪೆನಿ ನೆಟ್‌ವರ್ಕಿನ ಕೆಲಸಕ್ಕೆಂದು ಬಳಸಿದ ಒಂದು ಯೋಚನೆ ಇವತ್ತು ಯುಯುಐಡಿ ಎಂದು ಎಲ್ಲ ಕಡೆ ಇದೆ. 128 ಬಿಟ್ಟಿನ ಒಂದು ಸಂಖ್ಯೆ. ಅದನ್ನು ಕೊಡಲಿಕ್ಕೆ ಯಾವ ಕಚೇರಿಯೂ ಬೇಡ. ಯಾರು ಎಲ್ಲಿ ಹುಟ್ಟಿಸಿದರೂ ಇನ್ನೊಂದಕ್ಕೆ ತಾಳೆಯಾಗುವ ಸಂಭವ ಇಲ್ಲವೆಂಬಷ್ಟು ಕಡಿಮೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗಲೇ ಇದನ್ನು ಫೈಲ್ ವ್ಯವಸ್ಥೆಯ ತಲೆಬರಹದಲ್ಲಿ ಬರೆದುಬಿಡುತ್ತಾರೆ. ಡಿಸ್ಕನ್ನು ಯಾವ ಕೇಬಲಿಗೆ, ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ಅದು ಬದಲಾಗುವುದಿಲ್ಲ. 2003ರ ಕೊನೆಗೆ ಬಂದ ಲಿನಕ್ಸ್ 2.6ರ ಕಾಲದಿಂದ ಯುಡೆವ್ ಎಂಬ ವ್ಯವಸ್ಥೆ, ಡಿಸ್ಕಿನ ಸರಣಿ ಸಂಖ್ಯೆ, ಯುಯುಐಡಿ, ಲೇಬಲ್ ಇವುಗಳ ಪ್ರಕಾರ ಬೇರೆ ಬೇರೆ ಹೆಸರಿನ ಕೊಂಡಿಗಳನ್ನು ಮಾಡಿಕೊಡುತ್ತಿದೆ. ನಮ್ಮ ಪಟ್ಟಿಯಲ್ಲಿ ಎಸ್‌ಡಿಬಿಯ ಬದಲು ಆ ಉದ್ದ ಸಂಖ್ಯೆ ಇದ್ದಿದ್ದರೆ ಅಜ್ಜಿಯ ಹಾಡು ಉಳಿಯುತ್ತಿತ್ತು. ಓದಲಿಕ್ಕೆ ಉದ್ದವಾಯಿತು ಎಂದು ಬಿಟ್ಟವಳು ನಾನೇ.

ಹಾಗೆಂದು ಅಂಕಿತ ಸಿಕ್ಕಿದರೆ ಎಲ್ಲ ಮುಗಿಯಿತು ಎನ್ನುವ ಹಾಗಿಲ್ಲ. ದಾಸರ ಪದಗಳನ್ನು ಸಂಪಾದಿಸಿದವರಿಗೆ ಗೊತ್ತು: ಒಂದೇ ಕೀರ್ತನೆ ಒಂದು ಪ್ರತಿಯಲ್ಲಿ ಪುರಂದರವಿಠಲನ ಹೆಸರಲ್ಲಿ, ಇನ್ನೊಂದರಲ್ಲಿ ಬೇರೆ ಅಂಕಿತದಲ್ಲಿ ಸಿಗುತ್ತದೆ. ವಚನಗಳಲ್ಲಿ ದೊಡ್ಡವರ ಅಂಕಿತ ಹಾಕಿಕೊಂಡ ಪ್ರಕ್ಷಿಪ್ತಗಳ ಸಮಸ್ಯೆ ಇದೆ. ಕುಂಬಳೆ ಸೀಮೆಯ ಪಾರ್ತಿಸುಬ್ಬನ ಕರ್ತೃತ್ವದ ಬಗ್ಗೆ ಶಿವರಾಮ ಕಾರಂತರು ಸಂಶಯ ಎತ್ತಿದ್ದು, ಕುಕ್ಕಿಲ ಕೃಷ್ಣ ಭಟ್ಟರು ಉತ್ತರ ಕೊಟ್ಟದ್ದು ಈ ಗೋಷ್ಠಿಗೆ ಹೊಸತಲ್ಲ. ಡಿಸ್ಕಿನಲ್ಲೂ ಹಾಗೆಯೇ. ಒಂದು ಡಿಸ್ಕನ್ನು ಬಿಟ್ಟಿಗೆ ಬಿಟ್ ನಕಲು ಮಾಡಿದರೆ ಯುಯುಐಡಿ ಕೂಡ ನಕಲಾಗುತ್ತದೆ. ಈಗ ಒಂದೇ ಅಂಕಿತದ ಎರಡು ಡಿಸ್ಕ್. ಎರಡನ್ನೂ ಒಟ್ಟಿಗೆ ಸಿಕ್ಕಿಸಿದರೆ ಯಾವುದು ಮೂಲ ಎಂದು ಯಂತ್ರಕ್ಕೆ ತಿಳಿಯಲಿಕ್ಕೆ ದಾರಿ ಇಲ್ಲ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಇಂಥಲ್ಲಿ ಎರಡನೆಯದನ್ನು ಮೌಂಟ್ ಮಾಡುವುದಿಲ್ಲ ಎಂದು ನೇರ ನಿರಾಕರಿಸುತ್ತದೆ. ವಿಂಡೋಸ್ ಡಿಸ್ಕಿನ ಮೇಲೆ ತನ್ನದೇ 4 ಬೈಟಿನ ಸಹಿ ಬರೆದಿಡುತ್ತದೆ. ಒಂದೇ ಸಹಿಯ ಎರಡು ಕಂಡರೆ ಈಗಿನ ಆವೃತ್ತಿಗಳು ಒಂದನ್ನು ಆಫ್‌ಲೈನ್ ಇಡುತ್ತವೆ. ನನಗೆ ಎಕ್ಸ್‌ಎಫ್‌ಎಸ್‌ನ ಹಟ ಸರಿ ಎನಿಸುತ್ತದೆ.

ದೊಡ್ಡ ಸಂಸ್ಥೆಗಳಲ್ಲಿ ಡಿಸ್ಕುಗಳೇ ಒಂದು ಬೇರೆ ನೆಟ್‌ವರ್ಕಿನಲ್ಲಿ ಇರುತ್ತವೆ. ಅಲ್ಲಿ ಇದರ ತಿರುವುಮುರುವು ನಡೆಯುತ್ತದೆ: ಒಂದೇ ಡಿಸ್ಕ್ ಎರಡು ದಾರಿಯಿಂದ ಬಂದು ಎಸ್‌ಡಿಬಿ ಎಂದೂ ಎಸ್‌ಡಿಡಿ ಎಂದೂ ಕಾಣುತ್ತದೆ. ಎರಡು ಬೇರೆ ಎಂದು ತಿಳಿದು ‘ಖಾಲಿ ಇರುವ’ ಎರಡನೆಯದನ್ನು ಫಾರ್ಮ್ಯಾಟ್ ಮಾಡಿದರೆ ಮೊದಲನೆಯದ್ದೇ ಹೋಯಿತು. ಇನ್ನೂ ಅಪಾಯದ್ದು, ಎರಡು ಸರ್ವರುಗಳು ಒಂದೇ ಡಿಸ್ಕನ್ನು ತನ್ನದೊಬ್ಬನದೇ ಎಂದು ತಿಳಿದು ಬರೆಯುವುದು. ಇಎಕ್ಸ್‌ಟಿ4 ಮುಂತಾದ ಸಾಮಾನ್ಯ ಫೈಲ್ ವ್ಯವಸ್ಥೆಗಳು ಒಬ್ಬನೇ ಯಜಮಾನ ಎಂದು ನಂಬಿ ಕಟ್ಟಿದವು. ಇಬ್ಬರ ಲೆಕ್ಕ ಒಂದೇ ಪುಸ್ತಕದಲ್ಲಿ ಒಬ್ಬರ ಮೇಲೊಬ್ಬರು ಬರೆದ ಹಾಗೆ ಎಲ್ಲ ಕಲಸಿಹೋಗುತ್ತದೆ. ಅದನ್ನು ತಡೆಯಲಿಕ್ಕೆ ಆಮೇಲೆ ಬಹುಮೌಂಟ್ ರಕ್ಷಣೆ ಎಂಬ ಒಂದು ಏರ್ಪಾಡು ಸೇರಿಸಿದರು. ಇದನ್ನು ನಾನು ಓದಿ ತಿಳಿದದ್ದು ಮಾತ್ರ, ಹೆಚ್ಚು ಹೇಳುವುದಿಲ್ಲ.

ನಮ್ಮಂಥ ಸಣ್ಣ ವಿಭಾಗಗಳಿಗೆ ಹತ್ತಿರದ ಅಪಾಯ ಬೇರೆ ಒಂದು ಉಂಟು. ಎನ್‌ಎಫ್‌ಎಸ್ ಮೌಂಟ್ ಆಗದಿದ್ದರೂ ಆ ಹೆಸರಿನ ಫೋಲ್ಡರ್ ನಮ್ಮ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ, ಖಾಲಿಯಾಗಿ. ಬಾಗಿಲು ತೆರೆಯುತ್ತದೆ, ಒಳಗೆ ಮನೆ ಇಲ್ಲ. ಅದರಲ್ಲಿ ಫೈಲ್ ಹಾಕಿದರೆ ಸರ್ವರಿಗೆ ಹೋಗದೆ ಅಲ್ಲೇ ಕೂರುತ್ತದೆ; ಆಮೇಲೆ ಮೌಂಟ್ ಆದಾಗ ಅದರ ಅಡಿಯಲ್ಲಿ ಮರೆಯಾಗುತ್ತದೆ. ನಮ್ಮಲ್ಲಿದ್ದಂಥ ಅಳಿಸುವ ಸ್ಕ್ರಿಪ್ಟಿಗೆ ಆ ಖಾಲಿ ಫೋಲ್ಡರೇ ಮೂಲ ಎಂದು ಕಂಡರೆ ಇನ್ನೊಂದು ಬದಿಯಲ್ಲಿ ಇದ್ದದ್ದೆಲ್ಲ ಖಾಲಿ.

ಕನ್ನಡದಲ್ಲಿ ಹೆಸರಿಟ್ಟವರಿಗೆ ಮತ್ತೊಂದು ಗುಂಡಿ. ‘ಕಾಸರಗೋಡು’ ಎಂಬ ಫೋಲ್ಡರಿನ ‘ಗೋ’ದಲ್ಲಿರುವ ಓಕಾರದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಬಿಡಿಸಿ ಇಡುತ್ತಿತ್ತು. ಲಿನಕ್ಸ್ ಸರ್ವರ್ ಬಂದ ಬೈಟುಗಳನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದೇ ಹಂಚಿಕೆಯಲ್ಲಿ ‘ಕಾಸರಗೋಡು’ ಎಂದು ಎರಡು ಫೋಲ್ಡರ್ ಅಕ್ಕಪಕ್ಕ ಕೂರಬಹುದು. ನಮ್ಮಲ್ಲಿ ಕೂತಿತ್ತು. ಒಂದು ನಕಲಿ ಎಂದು ತಿಳಿದು ಅಳಿಸಲಿಕ್ಕೆ ಹೊರಟವನನ್ನು ತಡೆದದ್ದು ಚಹಾದ ಹೊತ್ತು.

ನುರಿತವರೂ ತಪ್ಪುತ್ತಾರೆ ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಪ್ರಕರಣ, 2017ರ ಜನವರಿ 31ರದ್ದು. ಗಿಟ್‌ಲ್ಯಾಬ್ ಕಂಪೆನಿಯಲ್ಲಿ ರಾತ್ರಿ ದುರಸ್ತಿಗೆ ಕೂತ ಎಂಜಿನಿಯರ್, ತಾನು ಡಿಬಿ2 ಎಂಬ ಎರಡನೇ ಸರ್ವರಿನಲ್ಲಿದ್ದೇನೆ ಎಂದು ತಿಳಿದು ಡೇಟಾಬೇಸಿನ ಫೋಲ್ಡರನ್ನು ಅಳಿಸುವ ಆಜ್ಞೆ ಕೊಟ್ಟರು. ಇದ್ದದ್ದು ಡಿಬಿ1ರಲ್ಲಿ, ಅದೇ ಮುಖ್ಯ ಸರ್ವರ್. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಎಂದು ನಂಬಿದ ಒಂದೊಂದೂ ಕೈಕೊಟ್ಟಿತು. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದ ಒಂದು ಸ್ನ್ಯಾಪ್‌ಶಾಟ್ ಇದ್ದದ್ದರಿಂದ ಬಚಾವಾದರು. ನಡುವಿನ ಆರು ಗಂಟೆಯದ್ದು ಹೋಯಿತು. ನನಗೆ ಮುಖ್ಯ ಎನಿಸಿದ್ದು ಅವರು ಅದನ್ನು ಮುಚ್ಚಿಡದೆ, ಸರಿಪಡಿಸುವ ಕೆಲಸವನ್ನೇ ನೇರಪ್ರಸಾರ ಮಾಡಿದ್ದು. ಮಾಡಬೇಕಾದ ಸುಧಾರಣೆಗಳ ಪಟ್ಟಿಯಲ್ಲಿ ಒಂದು, ಯಾವ ಸರ್ವರಿನಲ್ಲಿದ್ದೇವೆ ಎಂದು ಸ್ಪಷ್ಟ ಕಾಣುವ ಹಾಗೆ ಆಜ್ಞೆ ಬರೆಯುವ ಸಾಲಿನ ಎದುರಿನ ಗುರುತನ್ನು ಬದಲಿಸುವುದು. 1, 2 ಎಂಬ ಒಂದೇ ಅಂಕಿಯ ವ್ಯತ್ಯಾಸ ನಡುರಾತ್ರಿ ಕಣ್ಣಿಗೆ ಸಾಲದು.

ನಾವು ಈಗ ಮಾಡಿದ್ದು ಇಷ್ಟು. ಪಟ್ಟಿಯಲ್ಲಿ ಯುಯುಐಡಿ ಬರೆದೆವು. ಎರಡೂ ಡಿಸ್ಕಿನ ಬೇರಿನಲ್ಲಿ ‘ನಾನು ಮೂಲ’, ‘ನಾನು ಪ್ರತಿ’ ಎಂಬ ಒಂದೊಂದು ಸಣ್ಣ ಫೈಲ್ ಇಟ್ಟೆವು; ಸ್ಕ್ರಿಪ್ಟ್ ಮೊದಲು ಅದನ್ನು ಓದಬೇಕು, ಇಲ್ಲದಿದ್ದರೆ ನಿಲ್ಲಬೇಕು. ಆ ಫೈಲ್ ಪ್ರತಿಗೆ ಕಾಪಿ ಆಗದಂತೆ ಹೊರಗಿಡಲಿಕ್ಕೆ ಮೊದಲ ವಾರವೇ ಮರೆತೆವು, ಎರಡೂ ಡಿಸ್ಕು ತಾನೇ ಮೂಲ ಎಂದು ಹೇಳಲಿಕ್ಕೆ ಶುರುಮಾಡಿದವು. ಅದನ್ನೂ ಸರಿಮಾಡಿದೆವು. ಅಳಿಸಬೇಕಾದದ್ದನ್ನು ಈಗ ಅಳಿಸುವುದಿಲ್ಲ, ಬೇರೆ ಫೋಲ್ಡರಿಗೆ ಸರಿಸುತ್ತೇವೆ, ತಿಂಗಳು ಕಳೆದ ಮೇಲೆ ಒಬ್ಬರು ಕೂತು ನೋಡಿ ತೆಗೆಯುತ್ತಾರೆ. ಡಿಸ್ಕಿನ ಬೆನ್ನಿಗೆ ಪೆನ್ನಿನಲ್ಲಿ ಹೆಸರು ಬರೆದು ಅಂಟಿಸಿದ್ದೇವೆ. ಸರ್ವರ್ ನೋಡಿಕೊಳ್ಳುವ ಸ್ನೇಹಿತ ಇದಕ್ಕೆ ನಗುತ್ತಾನೆ, ನಗಲಿ.

ಅಜ್ಜಿ ಎರಡನೇ ಸಲ ಹೇಳಿದ ಏಳು ಹಾಡನ್ನು ಎರಡನೇ ಹಾಡಿಕೆ ಎಂದೇ ದಾಖಲಿಸಿದ್ದೇವೆ, ಮೊದಲಿನದರ ಜಾಗದಲ್ಲಿ ಕೂರಿಸಲಿಲ್ಲ. ಉಳಿದ ಎರಡಕ್ಕೆ ನನ್ನ ನೋಟುಪುಸ್ತಕದಲ್ಲಿ ಶೀರ್ಷಿಕೆ, ತಾರೀಕು, ಎಷ್ಟು ನಿಮಿಷ ಎಂಬುದು ಬರೆದದ್ದು ಉಂಟು. ಸೂಚಿಯಲ್ಲಿ ಆ ಎರಡು ಸಾಲು ಹಾಗೆಯೇ ಇದೆ, ಫೈಲಿನ ಅಂಕಣ ಖಾಲಿ ಬಿಟ್ಟು.